ಒಣಗುಲಾಬಿ, ಬೂದುಹಸಿರು

ಪರದೆಯಮ್ಮ ಅಂಗಡಿಯ ಶಟರ್ ಎತ್ತುವಾಗ ಹತ್ತೂವರೆ ದಾಟಿತ್ತು. ಮೊದಲೆಲ್ಲ ಎಂಟಕ್ಕೇ ಎತ್ತುತ್ತಿದ್ದರು. ಆಗ ಎತ್ತಲು ಯಜಮಾನರಿದ್ದರು. ಈಗ ಅವಳೊಬ್ಬಳೇ ಸೊಂಟದ ಮಟ್ಟಕ್ಕೆ ಎತ್ತಿ, ಬಗ್ಗಿ ಒಳಗೆ ನುಗ್ಗಿ, ಒಳಗಿನಿಂದ ಭುಜ ಕೊಟ್ಟು ನೂಕಬೇಕು. ಕೆಲವು ದಿನ ಅಷ್ಟೂ ಆಗದೆ ಅರ್ಧಕ್ಕೇ ಬಿಟ್ಟು ಕೂತುಬಿಡುತ್ತಿದ್ದಳು. ಬೇಕಾದವರು ಬಗ್ಗಿ ಬರಲಿ.

ಆ ದಿನ ಇಬ್ಬರು ಬಗ್ಗಿಯೇ ಬಂದರು. ಮುಂದೆ ಮದುವೆಯಾಗಲಿರುವ ಹುಡುಗಿ, ಹಿಂದೆ ಅವಳ ದೊಡ್ಡಮ್ಮ. ದೊಡ್ಡಮ್ಮನ ತಲೆ ಶಟರಿಗೆ ತಗುಲಿತು.

"ಅಂಗಡಿ ತೆಗೆದಿದೆಯೋ, ಮುಚ್ಚಿದೆಯೋ?" ಎಂದರು ಅವರು, ತಲೆ ಉಜ್ಜಿಕೊಳ್ಳುತ್ತಾ.

"ಎರಡೂ," ಎಂದಳು ಪರದೆಯಮ್ಮ. "ಕೂತ್ಕೊಳ್ಳಿ."

"ಯಜಮಾನರನ್ನ ಕರೀರಿ. ನನ್ನ ಮಗಳ ಮದುವೆಗೆ ಅವರೇ ಬಣ್ಣ ಆರಿಸಿಕೊಟ್ಟಿದ್ದು. ಇವಳಿಗೂ ಅವರೇ ಆಗಬೇಕು."

"ಅವರು ಹೋಗಿ ನಾಲ್ಕು ತಿಂಗಳಾಯ್ತು."

"ಎಲ್ಲಿಗೆ?"

ಹುಡುಗಿ ದೊಡ್ಡಮ್ಮನ ತೋಳು ಚಿವುಟಿದಳು. ದೊಡ್ಡಮ್ಮನಿಗೆ ಆಮೇಲೆ ಹೊಳೆಯಿತು. "ಅಯ್ಯೋ" ಎಂದು ಬಾಯಿಗೆ ಕೈ ಇಟ್ಟುಕೊಂಡರು. ಆಮೇಲೆ ಮನಸ್ಸಲ್ಲಿದ್ದದ್ದು ಬಾಯಿಗೆ ಬಂದೇಬಿಟ್ಟಿತು.

"ಹಾಗಾದ್ರೆ ಇನ್ನು ಬಣ್ಣ ನೋಡೋರು ಯಾರು?"

ನಾಲ್ಕು ತಿಂಗಳಿಂದ ಎಲ್ಲರೂ ಕೇಳುತ್ತಿದ್ದದ್ದು ಅದನ್ನೇ. ಸಾವಿನ ಮನೆಗೆ ಬಂದವರೂ ಕೇಳಿದ್ದರು. ಬೀದಿ ಕೊನೆಯ ಮದುವೆ ಹಾಲಿನ ಮ್ಯಾನೇಜರು ಕೇಳಿದ್ದರು. ಹತ್ತರಲ್ಲಿ ಒಂಬತ್ತು ಕೆಲಸ ಆ ಹಾಲಿನಿಂದಲೇ ಬರುತ್ತಿತ್ತು. ಮದುವೆ ಮನೆಗೆ ಪರದೆ, ಮೇಜಿನ ಬಟ್ಟೆ, ಕುರ್ಚಿಯ ಗವಸು, ವೇದಿಕೆಯ ಚೌಕಟ್ಟು ಬಾಡಿಗೆಗೆ ಕೊಟ್ಟು, ಹೋಗಿ ಕಟ್ಟಿ, ಮತ್ತೆ ಬಿಚ್ಚಿ ತರುವ ಅಂಗಡಿ ಇದು. ಬಟ್ಟೆ ಯಾರ ಹತ್ತಿರವೂ ಸಿಗುತ್ತದೆ. ಈ ಅಂಗಡಿಗೆ ಜನ ಬರುತ್ತಿದ್ದದ್ದು ಯಜಮಾನರ ಕಣ್ಣಿಗೆ. ಹುಡುಗಿಯ ಮುಖ ನೋಡಿ ಬಣ್ಣ ಹೇಳುತ್ತಾರೆ ಎಂದು ಅವರಿಗೆ ಹೆಸರಿತ್ತು.

ಆ ಕಣ್ಣಿಗೆ ಕೆಂಪೂ ಹಸಿರೂ ಒಂದೇ ಆಗಿತ್ತು.

ಇದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರು ಹೋದರು. ಈಗ ಗೊತ್ತಿರುವುದು ಪರದೆಯಮ್ಮನಿಗೆ ಮಾತ್ರ.

ಮದುವೆಯಾದ ಮೂರನೇ ವಾರ ಅವರು ಅವಳಿಗೊಂದು ಸೀರೆ ತಂದಿದ್ದರು. "ಕೆಂಪು ನಿಂಗೆ ಒಪ್ಪುತ್ತೆ" ಎಂದು ಕೊಟ್ಟರು. ಎಲೆಹಸಿರು ಸೀರೆ. ಅವಳು ನಕ್ಕಳು. ತಮಾಷೆ ಎಂದುಕೊಂಡಳು. ಅವರು ನಗಲಿಲ್ಲ. ಬಾಗಿಲು ಹಾಕಿ ಬಂದು ಮಂಚದ ಮೇಲೆ ಕೂತು ಎಲ್ಲ ಹೇಳಿದರು. ಹಳದಿ ಕಾಣುತ್ತೆ, ನೀಲಿ ಕಾಣುತ್ತೆ. ಕೆಂಪು, ಹಸಿರು, ಕಂದು ಮೂರೂ ಕೆಸರಿನ ಹಾಗೆ. ಅಪ್ಪನಿಗೆ ಗೊತ್ತಾದರೆ ಅಂಗಡಿ ತಮ್ಮನಿಗೆ ಹೋಗುತ್ತೆ.

ಅಪ್ಪ ಆಗ ಅಂಗಡಿ ಯಾರಿಗೆ ಬಿಡುವುದೆಂದು ಅಳೆಯುತ್ತಿದ್ದ ಕಾಲ. ಒಂದು ಭಾನುವಾರ ಇಪ್ಪತ್ತು ಬಟ್ಟೆ ಹರವಿ ದೊಡ್ಡ ಮಗನನ್ನು ನಿಲ್ಲಿಸಿದರು. "ಜೋಡಿ ಮಾಡು" ಎಂದರು. ಹೊಸ ಸೊಸೆ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲೋಟಕ್ಕೆ ಉಗುರಿನಿಂದ ಒಂದು ಸಲ ತಟ್ಟಿದರೆ ಕೆಂಪು, ಎರಡು ಸಲ ತಟ್ಟಿದರೆ ಹಸಿರು. ಗಂಡ ಒಂದೂ ತಪ್ಪಲಿಲ್ಲ. "ದೊಡ್ಡವನಿಗೆ ಕಣ್ಣಿದೆ, ಚಿಕ್ಕವನಿಗೆ ಕೈಯಿದೆ" ಎಂದು ಮಾವ ತೀರ್ಮಾನ ಮಾಡಿದರು. ದೊಡ್ಡವನಿಗೆ ಅಂಗಡಿ ಬಂತು. ಚಿಕ್ಕವನ ಕೈಗೆ ಟೆಂಪೋದ ಸ್ಟೀರಿಂಗ್ ಬಂತು. ಮೂವತ್ತೆರಡು ವರ್ಷದಿಂದ ಅವನು ಅದನ್ನೇ ತಿರುಗಿಸುತ್ತಿದ್ದ.

ಲೋಟ ಹೋಗಿ ಗಂಟು ಬಂತು. ಪ್ರತಿ ಪರದೆಯ ಮೂಲೆಗೂ ಕಟ್ಟುವ ಲಾಡಿ ಇರುತ್ತದೆ. ಆ ಲಾಡಿಯ ತುದಿಯಲ್ಲಿ ಅವಳು ಗಂಟು ಹಾಕಿಟ್ಟಳು. ಕೆಂಪಿನ ಜಾತಿಗೆ ಒಂದು, ಹಸಿರಿನ ಜಾತಿಗೆ ಎರಡು, ಕಂದಿಗೆ ಮೂರು. ಯಜಮಾನರು ಗಂಟು ಸವರಿ ಬಟ್ಟೆ ಎಳೆದು ಗಿರಾಕಿಯ ಮುಂದೆ ಬೀಸುತ್ತಿದ್ದರು. "ನೋಡಿ ತಾಯಿ, ಇದು ನಿಮ್ಮ ಮಗಳ ಬಣ್ಣ. ಇದನ್ನು ಬಿಟ್ಟು ಬೇರೆ ಕಟ್ಟಿದ್ರೆ ನಾನು ಅಂಗಡಿ ಮುಚ್ತೀನಿ." ಯಾವುದು ಒಪ್ಪುತ್ತದೆಂದು ಹಿಂದಿನ ಕೋಣೆಯಲ್ಲಿ ಅವಳು ಮೊದಲೇ ಹೇಳಿರುತ್ತಿದ್ದಳು. ಹೇಳುವ ಚಂದ ಮಾತ್ರ ಅವರದು. ಅದು ಅವಳಿಗೆ ಬರುತ್ತಿರಲಿಲ್ಲ. ಅವಳು ಬಾಯಿ ತೆರೆದರೆ ಬಾಗಿಲು ಹಾಕಿದ ಹಾಗೆ ಇರುತ್ತಿತ್ತು. ಅವರೇ ಹಾಗೆಂದು ನಗುತ್ತಿದ್ದರು.

ಅವಳಿಗೆ ಅದರಲ್ಲಿ ಬೇಜಾರಿರಲಿಲ್ಲ. ಬೇಜಾರು ಈಗ ಶುರುವಾಗಿತ್ತು.

"ಬಣ್ಣ ನಾನು ನೋಡ್ತೀನಿ," ಎಂದಳು ದೊಡ್ಡಮ್ಮನಿಗೆ.

"ನೀವು ಹೊಲೀತಿದ್ದೋರಲ್ವಾ?"

"ಹೊಲಿಗೆಯೂ ಮಾಡ್ತೀನಿ."

ದೊಡ್ಡಮ್ಮ ಎದ್ದು ಹೋಗುತ್ತಿದ್ದರೋ ಏನೋ. ಹುಡುಗಿ ಏಳಲಿಲ್ಲ. ಅವಳು ಅಂದು ಐದು ಅಂಗಡಿ ಸುತ್ತಿ ಬಂದಿದ್ದಳು. ಕಾಲು ಚಪ್ಪಲಿಯಿಂದ ಹೊರಗೆ ಇಟ್ಟುಕೊಂಡು, ಮೊಬೈಲಿನಲ್ಲಿ ಚಿತ್ರ ತೋರಿಸತೊಡಗಿದಳು. ಬೆರಳು ಒಂದೇ ಸಮನೆ ಓಡುತ್ತಿತ್ತು.

"ಇದು ನಂಗಿಷ್ಟ. ಇದು ಅವರ ಅಕ್ಕನಿಗಿಷ್ಟ. ಇದು ಅಮ್ಮನಿಗೆ ಇಷ್ಟ ಇತ್ತು, ಮೊನ್ನೆಯಿಂದ ಇಲ್ಲ."

"ಅಮ್ಮ ಬರಲಿಲ್ವಾ?"

"ಬಣ್ಣದ ಮಾತೆತ್ತಿದ್ರೆ ಅಮ್ಮಂಗೆ ತಲೆನೋವು ಬರುತ್ತೆ ಈಗ."

"ಕೆಂಪು, ಬಂಗಾರ," ಎಂದರು ದೊಡ್ಡಮ್ಮ. "ಮದುವೆ ಅಂದ್ರೆ ಮದುವೆ ಥರ ಕಾಣಬೇಕು. ಇವಳು ತೋರಿಸೋದೆಲ್ಲ ಒಗೆದು ಒಗೆದು ಬಣ್ಣ ಹೋದ ಬಟ್ಟೆ."

"ಅದು ಫ್ಯಾಷನ್, ದೊಡ್ಡಮ್ಮ."

"ಹಾಗಾದ್ರೆ ನಮ್ಮನೆ ನೆಲ ಒರೆಸೋ ಬಟ್ಟೆ ಇಪ್ಪತ್ತು ವರ್ಷದಿಂದ ಫ್ಯಾಷನ್ನಲ್ಲಿದೆ ಬಿಡು."

ಪರದೆಯಮ್ಮನ ಬಾಯಿ ಒಂದು ಚೂರು ಓರೆಯಾಯಿತು. ನಾಲ್ಕು ತಿಂಗಳಲ್ಲಿ ಅಷ್ಟು ಓರೆಯಾದದ್ದು ಅದೇ ಮೊದಲು.

"ನಿನ್ನ ಬಟ್ಟೆ ಯಾವ ಬಣ್ಣ?" ಎಂದು ಹುಡುಗಿಯನ್ನು ಕೇಳಿದಳು.

"ಕೆನೆ ಬಣ್ಣ."

"ಮದುವೆ ಎಷ್ಟು ಗಂಟೆಗೆ?"

"ಹನ್ನೊಂದಕ್ಕೆ."

"ಹಾಗಾದ್ರೆ ನಾಳೆ ಹನ್ನೊಂದಕ್ಕೆ ಹಾಲಿಗೆ ಬನ್ನಿ. ಅಂಗಡೀಲಿ ಬಣ್ಣ ನೋಡಬಾರದು."

ಮಾರನೇ ದಿನ ಅವಳು ಚೂರುಬಟ್ಟೆಯ ಚೀಲ ಹೊತ್ತು ಹಾಲಿಗೆ ಹೋದಳು. ಬೀದಿ ಉದ್ದವೇನಲ್ಲ. ಆದರೂ ಎರಡು ಕಡೆ ಕೂತು ಎದ್ದಳು. ಹಾಲಿನಲ್ಲಿ ಎಡಗಡೆ ಎತ್ತರದಲ್ಲಿ ಸಾಲಾಗಿ ಕಿಟಕಿಗಳಿವೆ, ಅವಕ್ಕೆ ಮರದ ಬಾಗಿಲು. ಹನ್ನೊಂದಕ್ಕೆ ಅವುಗಳಿಂದ ವೇದಿಕೆಯ ಮೇಲೆ ಬಿಸಿಲು ಬೀಳುವುದಿಲ್ಲ, ಬಿಸಿಲಿನ ಬೆಳಕು ಬೀಳುತ್ತದೆ. ಚಾವಣಿಯ ದೀಪಗಳೆಲ್ಲ ಹಳದಿ. ಆ ಹಳದಿ ಸೇರಿದರೆ ತಿಳಿನೀಲಿ ಕಾಯಿಲೆ ಬಿದ್ದವರ ಹಾಗೆ ಕಾಣುತ್ತದೆ, ಬಂಗಾರದ ಬಣ್ಣ ಹಿತ್ತಾಳೆಯಾಗುತ್ತದೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಒಬ್ಬರಿಗೆ ಬಿಟ್ಟು.

ಹುಡುಗಿಯನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿದಳು. ಚೂರುಗಳನ್ನು ಒಂದೊಂದಾಗಿ ಅವಳ ದವಡೆಯ ಪಕ್ಕ ಹಿಡಿದಳು, ಹಿಂದೆ ಸರಿದು ನೋಡಿದಳು, ತೆಗೆದಳು. ಹುಡುಗಿ ಕಣ್ಣು ಮುಚ್ಚಿಕೊಂಡಳು.

"ಸಾಕಾಯ್ತು ಆಂಟಿ. ನೀವೇ ಯಾವುದಾದ್ರೂ ಹೇಳಿಬಿಡಿ."

"ಬಂದಾಗಿಂದ ನೀನು ಈ ಚೂರನ್ನ ಮೂರು ಸಲ ಕೈಗೆತ್ತಿಕೊಂಡೆ. ಬೇಡ ಅಂತ ಮೂರು ಸಲ ಕೆಳಗಿಟ್ಟೆ."

ಒಣಗಿದ ಗುಲಾಬಿಯ ಬಣ್ಣದ ಚೂರು ಅದು.

"ದೊಡ್ಡಮ್ಮ ಒರೆಸೋ ಬಟ್ಟೆ ಅಂತಾರೆ," ಎಂದಳು ಹುಡುಗಿ ಮೆಲ್ಲಗೆ.

"ಮದುವೆ ದೊಡ್ಡಮ್ಮಂದಾ?"

ದೊಡ್ಡಮ್ಮ ಕೇಳಿಸಿಕೊಂಡರು. "ನಾನು ಇಲ್ಲೇ ಇದ್ದೀನಿ," ಎಂದರು.

"ಇರಿ. ನಿಮಗೂ ಕೆಂಪು ಕೊಡ್ತೀನಿ. ಬಾಗಿಲಲ್ಲಿ ಎರಡು ದೊಡ್ಡ ಕುಂಡದ ತುಂಬ ಕೆಂಪು ಹೂವು. ಬಂದವರನ್ನ ಕರೆಯೋಕೆ ನೀವೇ ತಾನೇ ಅಲ್ಲಿ ನಿಲ್ಲೋದು?"

ದೊಡ್ಡಮ್ಮ ಯೋಚಿಸಿದರು. "ಎರಡಲ್ಲ, ನಾಲ್ಕು ಕುಂಡ," ಎಂದರು.

ಹೀಗೆ ತೀರ್ಮಾನವಾಯಿತು. ವೇದಿಕೆಯ ಹಿಂದೆ ಒಣಗುಲಾಬಿಯ ಹದಿನಾರು ಪರದೆ. ಎರಡೂ ಪಕ್ಕದ ಗೋಡೆಗೆ ಬೂದಿ ಬೆರೆಸಿದ ಹಾಗಿನ ಹಸಿರು, ಇಪ್ಪತ್ತನಾಲ್ಕು. ಕುರ್ಚಿಗೆ ಹುಡುಗಿಯ ಬಟ್ಟೆಯದೇ ಕೆನೆ ಬಣ್ಣ. ಕುರ್ಚಿಯ ಬೆನ್ನಿಗೊಂದು ಗಾಢ ನೇರಳೆ ಪಟ್ಟಿ, ಬೆರಳಷ್ಟೇ ಅಗಲ, ಸಾರಿಗೆ ಉಪ್ಪು ಹಾಕುವ ಹಾಗೆ. ಉಪ್ಪು ಹೆಚ್ಚಾದರೂ ಕೆಟ್ಟಿತು, ಇಲ್ಲದಿದ್ದರೂ ಕೆಟ್ಟಿತು.

ಹೊರಡುವಾಗ ಮ್ಯಾನೇಜರು ಅವಳನ್ನು ಪಕ್ಕಕ್ಕೆ ಕರೆದರು. ಕೆಟ್ಟವರಲ್ಲ. ಮುಜುಗರದಿಂದ ಕೀಲಿಗೊಂಚಲು ಆಡಿಸುತ್ತಿದ್ದರು.

"ನೋಡಿ ಅಮ್ಮ, ಬೇರೆ ಕಂಪನಿಯವರು ಬಂದು ಹೋದ್ರು. ಕಂಪ್ಯೂಟರಲ್ಲೇ ಹಾಲ್ ಪೂರ್ತಿ ತೋರಿಸ್ತಾರೆ. ಯಜಮಾನರಿದ್ದಾಗ ನಾನು ಆ ಮಾತೇ ಎತ್ತಿರಲಿಲ್ಲ. ಆದ್ರೆ ಕಣ್ಣು ಅವರದು ತಾನೇ? ಈ ಮದುವೆ ನೋಡ್ತೀನಿ. ಆಮೇಲೆ ಹೇಳ್ತೀನಿ."

ಕಣ್ಣು ನನ್ನದು. ಆ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅದು ಹೊರಗೆ ಬಿದ್ದರೆ ಅದರ ಹಿಂದೆ ಉಳಿದದ್ದೂ ಬೀಳುತ್ತದೆ. ಯಾಕೆ, ಹೇಗೆ ಎಂದು ಕೇಳುತ್ತಾರೆ. ಊರೆಲ್ಲ ಹೊಗಳಿದವರನ್ನು ನೆನೆದು ಊರೆಲ್ಲ ನಗುತ್ತದೆ. ಮೈದುನನ ಕಿವಿಗೂ ಹೋಗುತ್ತದೆ. ಅವಳು ನುಂಗಿಕೊಂಡಳು.

ಮೈದುನ ಒಳ್ಳೆಯವನೇ. ಅಣ್ಣ ಹೋದ ಮೇಲೆ ವಾರಕ್ಕೆರಡು ಸಲ ಬರುತ್ತಿದ್ದ. ಅಂಗಡಿಯಲ್ಲಿ ಅಣ್ಣನ ಫೋಟೋ ತೂಗುಹಾಕಿದವನು ಅವನೇ. "ಅಂಗಡಿ ಸಾಕು ಅತ್ತಿಗೆ. ಬಟ್ಟೆಯೆಲ್ಲ ಯಾರಿಗಾದ್ರೂ ಕೊಟ್ಟುಬಿಡಿ. ನಮ್ಮ ಮನೇಲಿ ಹಿಂದಿನ ರೂಮ್ ಖಾಲಿ ಇದೆ" ಎನ್ನುತ್ತಿದ್ದ. ಆ ರೂಮನ್ನು ಪರದೆಯಮ್ಮ ನೋಡಿದ್ದಳು. ಕಿಟಕಿ ಒಂದು ಗೋಡೆಗೆ ತೆರೆದುಕೊಳ್ಳುತ್ತಿತ್ತು. ಅಲ್ಲಿ ಅವಳು ಕಾಳು ಆರಿಸುತ್ತಾ, ಅವನ ಹೆಂಡತಿ ಬಂದಾಗ ಕಾಲು ಮಡಚಿಕೊಳ್ಳುತ್ತಾ ಇರಬೇಕು. ಹಾಲ್ ಹೋದರೆ ಅಂಗಡಿ ಹೋಯಿತು, ಅಂಗಡಿ ಹೋದರೆ ಆ ರೂಮೇ ಗತಿ.

ಬಿಳಿ ಬಟ್ಟೆ ಹಿಂದಿನ ಬೀದಿಯ ಬಣ್ಣದವನಿಗೆ ಕೊಟ್ಟಳು. ಒದ್ದೆಯಿದ್ದಾಗ ನೋಡಿದಳು, ಒಣಗಿದಾಗ ನೋಡಿದಳು. ಗುಲಾಬಿ ಮೊದಲ ಸಲ ಸರಿಯಾಗಲಿಲ್ಲ. ಹಿಂದಕ್ಕೆ ಕಳಿಸಿದಳು. "ಇದಕ್ಕೇನಮ್ಮ ಆಗಿದೆ?" ಎಂದ ಅವನು. "ಸಿಹಿ ಜಾಸ್ತಿ ಆಗಿದೆ," ಎಂದಳು. ಅವನು ಗೊಣಗುತ್ತಲೇ ಇನ್ನೊಂದು ಸಲ ಮುಳುಗಿಸಿದ. ಆಗ ಸರಿಹೋಯಿತು. ಲಾಡಿ ಹೊಲಿದಳು. ಗಂಟು ಹಾಕಲಿಲ್ಲ.

ಹಳೆಯ ಗಂಟುಗಳನ್ನೂ ಅವಳು ಬಿಚ್ಚಿಹಾಕಿದ್ದಳು. ಅವರು ಹೋದ ಎರಡನೇ ತಿಂಗಳು. ಗೋದಾಮಿನಲ್ಲಿ ಬಟ್ಟೆ ಮಡಚುವಾಗ ಬೆರಳಿಗೆ ಗಂಟು ತಗುಲುತ್ತಿತ್ತು. ಯಾರಿಗೆ ಇನ್ನು ಇದು ಎಂದುಕೊಂಡಳು. ನೆಲದ ಮೇಲೆ ಕೂತು ಒಂದೊಂದೇ ಬಿಚ್ಚಿದಳು. ಹಳೆಯ ಗಂಟು ಕಲ್ಲಾಗಿರುತ್ತದೆ. ಎರಡು ಉಗುರು ಮುರಿದವು. ಮೂರು ದಿನ ಹಿಡಿಯಿತು.

ಅದೇ ತಪ್ಪಾಯಿತು.

ಪರದೆ ಕಟ್ಟುವವನ ಹೆಸರು ಚೋಟು. ಆರಡಿಗೂ ಮೇಲೆ ಇದ್ದಾನೆ, ಅದಕ್ಕೇ ಆ ಹೆಸರು. ತಲೆ ನರೆತಿದೆ. ಇಪ್ಪತ್ತು ವರ್ಷದಿಂದ ಈ ಅಂಗಡಿಯ ಏಣಿ ಹತ್ತುತ್ತಿದ್ದಾನೆ. ಮದುವೆಯ ದಿನ ಬೆಳಿಗ್ಗೆ ಆರಕ್ಕೆ ಮೈದುನನ ಟೆಂಪೋದಲ್ಲಿ ಬಟ್ಟೆ ಹೇರಿಕೊಂಡು ಹೋದ. ಪರದೆಯಮ್ಮ ಹೂವಿನ ಅಂಗಡಿಗೆ ಹೋದಳು. ಹೂವಿನವನು ಕೆಂಪಿನ ಬದಲು ಕಿತ್ತಳೆ ತಂದಿಟ್ಟಿದ್ದ, ಅವನ ಜೊತೆ ಒದ್ದಾಡಿ ಹಾಲಿಗೆ ಬರುವಾಗ ಎಂಟು ಗಂಟೆ.

ಹಾಲಿನ ಕರೆಂಟು ಒಂಬತ್ತಕ್ಕೆ ಮೊದಲು ಹಾಕುವ ಹಾಗಿಲ್ಲ. ಅದು ಮ್ಯಾನೇಜರ ಕಟ್ಟುನಿಟ್ಟು. ಕಿಟಕಿಯ ಬಾಗಿಲುಗಳು ಮುಚ್ಚಿದ್ದವು. ಮಬ್ಬಿನಲ್ಲಿ ಚೋಟು ಏಣಿಯ ಮೇಲಿದ್ದ. ಪರದೆಗಳೆಲ್ಲ ಆಗಲೇ ಏರಿದ್ದವು. ಮೈದುನ ಸುತ್ತಿಟ್ಟ ಜಮಖಾನೆಯ ಮೇಲೆ ಚಹಾ ಕುಡಿಯುತ್ತಿದ್ದ.

"ಮುಗೀತು ಅಕ್ಕ," ಎಂದ ಚೋಟು. "ಎರಡು ಗಂಟೇಲಿ ಮುಗಿಸಿದೆ."

ಪರದೆಯಮ್ಮ ಉದ್ದ ಕೋಲು ಹುಡುಕಿ ಕಿಟಕಿಯ ಬಾಗಿಲು ನೂಕಿದಳು. ಒಂದು, ಎರಡು, ಮೂರು. ಬೆಳಕು ಬಂತು.

ಕಲಸುಮೇಲೋಗರ. ವೇದಿಕೆಯ ಹಿಂದೆ ಹಸಿರಿನ ನಡುವೆ ಗುಲಾಬಿ. ಪಕ್ಕದ ಗೋಡೆಯಲ್ಲಿ ಹಸಿರಿನ ನಡುವೆ ಗುಲಾಬಿ. ಬಣ್ಣದವನು ಎರಡನ್ನೂ ಸೇರಿಸಿ ಒಂದೇ ಮೂಟೆ ಕಟ್ಟಿದ್ದ. ಎರಡೂ ಮಾಸಲು, ಎರಡೂ ಒಂದೇ ತೂಕದ ಬಣ್ಣ. ಮಬ್ಬಿನಲ್ಲಿ ಯಾರ ಕಣ್ಣಿಗೂ ಬೇರೆಬೇರೆಯಾಗಿ ಕಾಣುವುದಿಲ್ಲ.

ಚೋಟು ಏಣಿಯ ಮೇಲೇ ಕಲ್ಲಾದ. "ಗಂಟು ಇರಲಿಲ್ಲ ಅಕ್ಕ," ಎಂದ. "ಕೈಯಾಡಿಸಿ ನೋಡಿದೆ. ಒಂದಕ್ಕೂ ಗಂಟಿಲ್ಲ. ಎಲ್ಲ ಒಂದೇ ಬಣ್ಣ ಅಂದ್ಕೊಂಡೆ."

"ಎಂಥ ಗಂಟು?" ಎಂದ ಮೈದುನ.

"ಯಜಮಾನರ ಗಂಟು. ಕೆಂಪಿಗೆ ಒಂದು, ಹಸಿರಿಗೆ ಎರಡು. ಕತ್ತಲೇಲಿ ಕಟ್ಟೋಕೆ ಅಂತ ಮಾಡಿದ್ರಲ್ಲ."

"ಕಣ್ಣಲ್ಲಿ ನೋಡಿದ್ರೆ ಆಗಲ್ವೇನೋ?"

"ನಾವು ನೋಡ್ತೀವಪ್ಪ, ಬೆಳಕಿದ್ರೆ. ಯಜಮಾನರು ಮಾತ್ರ ಹಾಡಹಗಲಲ್ಲೂ ಗಂಟು ಮುಟ್ಟಿಯೇ ಕೊಡ್ತಿದ್ದದ್ದು. ಅಭ್ಯಾಸ."

ಮೈದುನ ಚಹಾದ ಲೋಟ ಕೆಳಗಿಟ್ಟ. "ಹಾಡಹಗಲಲ್ಲೂ?" ಎಂದ. ಚೋಟುವಿಗಲ್ಲ, ತನಗೇ. ಹೊರಗೆ ಬನ್ನಿ ಎಂದು ಅತ್ತಿಗೆಗೆ ತಲೆಯಿಂದಲೇ ಸನ್ನೆ ಮಾಡಿದ. ಇಬ್ಬರೂ ಹಿಂಬಾಗಿಲಿನ ಮೆಟ್ಟಿಲಲ್ಲಿ ನಿಂತರು.

"ಚಿಕ್ಕವರಿದ್ದಾಗ ಅಣ್ಣ ಮರ ಹತ್ತಿ ಬರೀ ಕಾಯಿ ಕೀಳ್ತಿದ್ದ. ಹಣ್ಣು ಕಣ್ಣೆದುರೇ ಇರ್ತಿತ್ತು. ನಾನು ನಗ್ತಿದ್ದೆ." ಅವನು ಅವಳ ಕಡೆ ತಿರುಗಿದ. "ಅತ್ತಿಗೆ, ಅಣ್ಣಂಗೆ ಬಣ್ಣ ಕಾಣ್ತಿರಲಿಲ್ವಾ?"

ಮೂವತ್ತೆರಡು ವರ್ಷದಲ್ಲಿ ಅವಳು ಇದಕ್ಕೆಂದೇ ಎಷ್ಟೋ ಸುಳ್ಳು ತಯಾರಿಟ್ಟುಕೊಂಡಿದ್ದಳು. ಕನ್ನಡಕ ಮರೆತರು, ಕಣ್ಣಿಗೆ ಧೂಳು ಬಿತ್ತು, ತಮಾಷೆಗೆ ಅಂದರು. ಅವತ್ತು ಒಂದೂ ಬಾಯಿಗೆ ಬರಲಿಲ್ಲ. ಸುಳ್ಳು ಹೇಳಲೂ ಮೈಯಲ್ಲಿ ಶಕ್ತಿ ಬೇಕು.

"ಕೆಂಪು, ಹಸಿರು ಕಾಣ್ತಿರಲಿಲ್ಲ. ಉಳಿದದ್ದು ಕಾಣ್ತಿತ್ತು."

"ಮತ್ತೆ ಇಷ್ಟು ವರ್ಷ?"

"ನಾನಿದ್ದೆ."

ಮೈದುನ ಮೆಟ್ಟಿಲ ಪಕ್ಕದ ಗೋಡೆಗೆ ಒರಗಿದ. ಅವನ ಮುಖ ನೋಡಲಾಗದೆ ಅವಳು ಬೀದಿ ನೋಡಿದಳು. ಯಾರೋ ನೀರು ಚೆಲ್ಲಿದರು.

"ಅಪ್ಪಂಗೆ ಗೊತ್ತಿದ್ರೆ ಅಂಗಡಿ ನನಗೆ ಬರ್ತಿತ್ತು."

"ಹೌದು."

"ನಾನು ಮೂಟೆ ಹೊತ್ತೆ. ಅವನಿಗೆ ಕಣ್ಣಿದೆ, ನಂಗಿಲ್ಲ ಅಂತ ನಾನೇ ಊರಿಗೆಲ್ಲ ಹೇಳ್ಕೊಂಡು ತಿರುಗಿದೆ."

"ಹೌದು."

"ಹೌದು, ಹೌದು ಅಂತೀರಲ್ಲ. ನಾಚಿಕೆ ಆಗಲ್ವಾ ನಿಮಗೆ?"

"ಆಗುತ್ತೆ," ಎಂದಳು ಪರದೆಯಮ್ಮ. "ಹತ್ತಕ್ಕೆ ಜನ ಬರ್ತಾರೆ. ವೇದಿಕೇಲಿ ಒಂಬತ್ತು ತಪ್ಪಿದೆ. ಅಂದ್ರೆ ಹದಿನೆಂಟು ಪರದೆ ಇಳಿಸಿ ಏರಿಸಬೇಕು. ಒಂದು ಏಣೀಲಿ ಆಗಲ್ಲ. ಹತ್ತೋದಾದ್ರೆ ಹತ್ತು. ಇಲ್ಲ, ಟೆಂಪೋ ತಗೊಂಡು ಹೊರಡು. ಜಗಳ ಮಧ್ಯಾಹ್ನ ಆಡೋಣ."

ಅವನು ಹೊರಟ. ಮೆಟ್ಟಿಲಿಳಿದು ತಿರುವು ದಾಟಿದ. ಟೆಂಪೋದ ಬಾಗಿಲು ಬಡಿದ ಸದ್ದು ಕೇಳಿತು. ಸರಿ, ಹೋದ. ಅವಳು ಒಳಗೆ ಬಂದು ಚೋಟುವಿಗೆ, "ಎಡಗಡೆಯಿಂದ ಎರಡನೇದು ಬಿಚ್ಚು," ಎಂದಳು. ಬಿಚ್ಚಿ, ಏಣಿ ಆ ಗೋಡೆಗೂ ಈ ಗೋಡೆಗೂ ಸರಿಸಿ, ಮತ್ತೆ ಏರಿಸಲು ಒಂದಕ್ಕೆ ಹತ್ತು ನಿಮಿಷ. ಲೆಕ್ಕ ಅವಳಿಗೆ ಬರುತ್ತಿತ್ತು. ಹಿಂದಿನ ರೂಮಿನ ಕಿಟಕಿ, ಅದರಾಚೆಯ ಗೋಡೆ ಕಣ್ಣ ಮುಂದೆ ಬಂದು ನಿಂತಿತು.

ಮುಂಬಾಗಿಲಲ್ಲಿ ಏನೋ ತಗುಲಿ ಢಣ್ ಎಂದಿತು. ಮೈದುನ. ಹೆಗಲ ಮೇಲೆ ಟೆಂಪೋದ ತಲೆಗೆ ಕಟ್ಟಿರುತ್ತಿದ್ದ ಎರಡನೇ ಏಣಿ. ಅವಳ ಕಡೆ ನೋಡಲಿಲ್ಲ. ಬಲಗಡೆ ಗೋಡೆಗೆ ಆನಿಸಿ ಹತ್ತಿದ.

"ಯಾವುದು?" ಎಂದ ಗೋಡೆಯ ಕಡೆ ಮುಖ ಮಾಡಿಕೊಂಡೇ.

"ನಿನ್ನ ಕೈಯ ಪಕ್ಕದ್ದು. ಆಮೇಲೆ ಅದರಾಚೆ ನಾಲ್ಕನೇದು."

ಅವಳು ಹಾಲಿನ ನಡುವೆ ಒಂದು ಕುರ್ಚಿ ಹಾಕಿ ಕೂತಳು. ನಿಲ್ಲಲು ಕಾಲಿಗೆ ಆಗುತ್ತಿರಲಿಲ್ಲ. ಅಲ್ಲಿಂದಲೇ ಹೇಳಿದಳು. ಬಲಗಡೆ ಏಳು, ಎಡಗಡೆ ಎರಡು, ಅದಲ್ಲ, ಅದರ ಕೆಳಗಿನ ಲಾಡಿ ಮೊದಲು. ಎರಡು ಸಲ ಚೋಟು "ಅಕ್ಕ, ಇದು ಸರಿ ಇದೆಯಲ್ಲ" ಎಂದ. ಎರಡು ಸಲವೂ ಬಟ್ಟೆ ಬೆಳಕಿಗೆ ತಿರುಗಿಸಿ ತಾನೇ ನಾಲಿಗೆ ಕಚ್ಚಿಕೊಂಡ. ಒಂಬತ್ತಕ್ಕೆ ಮ್ಯಾನೇಜರು ಬಂದು ದೀಪ ಹಾಕಿದರು. ಅರ್ಧ ಬಿಚ್ಚಿದ ವೇದಿಕೆ ನೋಡಿ ಬಾಯಿ ತೆರೆದರು. ಯಾರೂ ಅವರ ಕಡೆ ತಿರುಗಲಿಲ್ಲ. ಕೀಲಿಗೊಂಚಲು ಹಿಡಿದು ಹಿಂದೆಯೇ ನಿಂತರು. ದೊಡ್ಡಮ್ಮನೂ ಬೇಗ ಬಂದರು. "ಇದೇನು ಸಂತೆ? ಜನ ಬರೋ ಹೊತ್ತಾಯ್ತು," ಎಂದರು. "ನಿಮ್ಮ ಕುಂಡ ಬಾಗಿಲಲ್ಲಿದೆ, ನೀರು ಹಾಕಿ," ಎಂದಳು ಪರದೆಯಮ್ಮ. ಅವರು ಹೋಗಿ ಹಾಕಿದರು.

ಕೊನೆಯ ಲಾಡಿ ಕಟ್ಟುವಾಗ ಹತ್ತಾಗಿ ಏಳು ನಿಮಿಷ. ಮೊದಲು ಬಂದ ನಾಲ್ಕು ಜನ ಏಣಿ ಹೊರಗೆ ಹೋಗುವುದನ್ನು ನೋಡಿದರು. ಏಣಿ ಎಲ್ಲ ಮದುವೆಯಲ್ಲೂ ಇರುತ್ತದೆ ಎಂದುಕೊಂಡಿರಬೇಕು.

ಹುಡುಗಿ ಕೆನೆ ಬಣ್ಣದ ಬಟ್ಟೆಯಲ್ಲಿ ಪಕ್ಕದ ಬಾಗಿಲಿನಿಂದ ಬಂದಳು. ನಿಂತು ನೋಡಿದಳು. ಕಿವಿಯ ತನಕ ಏರಿದ್ದ ಭುಜಗಳು ಇಳಿದವು. ಹೋಗಿ ಕೂತಳು. ಒಣಗುಲಾಬಿಯ ಮುಂದೆ ಅವಳ ಮುಖಕ್ಕೆ, ವಾರಗಟ್ಟಲೆ ನಿದ್ದೆಯಿಲ್ಲದ ಆ ಮುಖಕ್ಕೆ, ರಕ್ತ ಬಂದಿತ್ತು.

ಮ್ಯಾನೇಜರು ಹಿಂದಿನ ಸಾಲಿಗೆ ಬಂದು ಪರದೆಯಮ್ಮನ ಪಕ್ಕ ಬಗ್ಗಿದರು. ಮೈದುನ ಕಂಬಕ್ಕೆ ಒರಗಿ ಕೈ ಒರೆಸಿಕೊಳ್ಳುತ್ತಿದ್ದ.

"ಎಲ್ಲ ನೋಡ್ತಿದ್ದೆ ಅಮ್ಮ. ಕೂತಲ್ಲಿಂದಲೇ ಒಂದೂ ತಪ್ಪದೆ ಹೇಳಿದ್ರಿ. ಯಜಮಾನರು ಚೆನ್ನಾಗಿ ಕಲಿಸಿ ಹೋಗಿದ್ದಾರೆ. ಅವರ ಕಣ್ಣು ನಿಮಗೆ ಬಂದಿದೆ."

ಹೂಂ ಎಂದರೆ ಮುಗಿಯುತ್ತಿತ್ತು. ಹಾಲ್ ಉಳಿಯುತ್ತಿತ್ತು, ಅವರ ಹೆಸರೂ ಉಳಿಯುತ್ತಿತ್ತು. ಅವಳು ಹೂಂ ಎನ್ನಲು ಬಾಯಿ ತೆರೆದಳು. ಬಂದದ್ದು ಬೇರೆ.

"ಕಲಿಸಿಲ್ಲ. ಬಣ್ಣ ಯಾವಾಗ್ಲೂ ನಾನೇ ನೋಡ್ತಿದ್ದದ್ದು. ಅವರು ಮಾತಾಡ್ತಿದ್ರು."

ಮ್ಯಾನೇಜರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಮೈದುನನ ಕಡೆ ತಿರುಗಿದರು. "ಏನ್ರೀ ಇದು? ನಿಜವಾ?"

ಮೈದುನ ಬೆರಳ ಸಂದಿಯ ಕೊಳೆ ಒರೆಸಿದ. ಈಗ ಅವನು ಏನು ಬೇಕಾದರೂ ಹೇಳಬಹುದು. ಹೇಳುವ ಹಕ್ಕೂ ಅವನಿಗಿತ್ತು.

"ನಿಜ," ಎಂದ. "ಅತ್ತಿಗೆ ನೋಡ್ತಿದ್ರು, ಅಣ್ಣ ಮಾತಾಡ್ತಿದ್ದ. ಮನೇಲಿ ಎಲ್ಲರಿಗೂ ಗೊತ್ತಿತ್ತು."

"ನಂಗೆ ಯಾರೂ ಹೇಳಲೇ ಇಲ್ಲ."

"ನೀವು ಯಾವಾಗ ಕೇಳಿದ್ರಿ?"

ಮ್ಯಾನೇಜರು ಕೀಲಿಗೊಂಚಲು ಜೇಬಿಗೆ ಹಾಕಿದರು. "ಮುಂದಿನ ವಾರ ಎರಡು ಮದುವೆ ಇದೆ," ಎಂದರು. "ಅವರನ್ನ ನಿಮ್ಮಲ್ಲಿಗೇ ಕಳಿಸ್ತೀನಿ. ಆ ಕಂಪ್ಯೂಟರಿನವರಿಗೆ ಬೇಡ ಅಂತೀನಿ." ಹೊರಟವರು ತಿರುಗಿ, "ಏಣಿ ಮಾತ್ರ ಹತ್ತಕ್ಕೆ ಮೊದಲೇ ಹೊರಗೆ ಹೋಗಲಿ ಅಮ್ಮ," ಎಂದರು.

ಮಧ್ಯಾಹ್ನ ಮೂರಕ್ಕೆ ಹಾಲ್ ಖಾಲಿಯಾಯಿತು. ಚೋಟು ಪರದೆ ಇಳಿಸಿ ರಾಶಿ ಹಾಕಿದ. ಪರದೆಯಮ್ಮ ಮಡಚಲು ನಿಂತಳು. ಮೈದುನ ಟೆಂಪೋ ಹಿಂಬಾಗಿಲಿಗೆ ತಂದು ನಿಲ್ಲಿಸಿ ಒಳಗೆ ಬಂದ. ಇಬ್ಬರ ನಡುವೆ ಬಟ್ಟೆಯ ರಾಶಿಯಿತ್ತು.

"ಜಗಳ ಮಧ್ಯಾಹ್ನ ಅಂದಿದ್ರಿ," ಎಂದ.

"ಅಂದಿದ್ದೆ. ಆಡು."

ಅವನು ಬಾಯಿ ತೆರೆದ. ಬೆಳಿಗ್ಗೆಯಿಂದ ತುಂಬಿಕೊಂಡಿದ್ದದ್ದು ಅವನ ಮುಖದಲ್ಲಿ ಕಾಣುತ್ತಿತ್ತು. ಯಾವುದರಿಂದ ಶುರು ಮಾಡುವುದೆಂದು ಹುಡುಕುತ್ತಿದ್ದ. ಅಪ್ಪನ ಹೆಸರು ತುಟಿಗೆ ಬಂತು, ಹೋಯಿತು. ಅಣ್ಣನ ಹೆಸರು ಬಂತು, ಹೋಯಿತು. ಬೈಯಬೇಕಾದವನು ಇಲ್ಲಿರಲಿಲ್ಲ. ಕೊನೆಗೆ ಕೆನ್ನೆ ಉಜ್ಜಿಕೊಂಡ.

"ಸುಸ್ತಾಗಿದೆ ಅತ್ತಿಗೆ. ನಾಳೆ ಆಡ್ತೀನಿ."

"ನಾಳೆ ಆಡು," ಎಂದಳು ಪರದೆಯಮ್ಮ. "ಈಗ ಆ ತುದಿ ಹಿಡಿ."

ಅವನು ಹಿಡಿದ. ತಲೆಕೆಳಗಾಗಿ ಹಿಡಿದಿದ್ದ. ಅವಳು ಬಟ್ಟೆ ಎಳೆದು ತಿರುಗಿಸಿ, ಸರಿಯಾದ ಮೂಲೆ ಅವನ ಕೈಗೆ ಕೊಟ್ಟಳು.